ದುಃಖ ಹುಟ್ಟುವುದು ಎದೆಯಲ್ಲೋ, ಮಿದುಳಿನಲ್ಲೋ?

ಈ ಸಂಚಿಕೆಗಾಗಿ ಒಂದೇ ವಿಷಯದ ಸುತ್ತ ಬಂದ ಐದು ಪತ್ರಗಳನ್ನು ಆರಿಸಿಕೊಂಡಿದ್ದೇವೆ. ನಮ್ಮ ಅರಿವಿಗೆ ಬರುವ ಭಾವನೆಗಳು ಹುಟ್ಟುವುದು ಹೃದಯದಲ್ಲೋ ಮಿದುಳಿನಲ್ಲೋ ಎಂಬುದೇ ಎಲ್ಲ ಪತ್ರಗಳ ತಿರುಳಾದರೂ ಕೇಳಿದವರ ಸಂದರ್ಭಗಳು ಬೇರೆ ಬೇರೆ. ಹೆಸರು ಬೇಡವೆಂದು ಕೆಲವರು ಕೋರಿರುವುದರಿಂದ ಎಲ್ಲರ ಊರನ್ನು ಮಾತ್ರ ನಮೂದಿಸಿದ್ದೇವೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಹೃದಯವೆಂದರೆ ರಕ್ತವನ್ನು ಪಂಪ್ ಮಾಡುವ ಸ್ನಾಯು, ಭಾವನೆಗಳೆಲ್ಲ ಮಿದುಳಿನ ಕೆಲಸ ಎಂದು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದವಳು. ಹೋದ ವರ್ಷ ನನ್ನ ತಂಗಿ ತೀರಿಕೊಂಡಳು. ಸುದ್ದಿ ಕೇಳಿದ ಮೇಲೆ ಎಷ್ಟೋ ದಿನ ಎದೆ ಭಾರವಾಗಿ, ಗಂಟಲು ಕಟ್ಟಿದಂತೆಯೇ ಇತ್ತು. ತಲೆಯಲ್ಲಿ ಮಾತ್ರ ಏನೂ ಆದಂತೆ ಅನ್ನಿಸಲಿಲ್ಲ. ನಾನು ಹೇಳಿಕೊಟ್ಟದ್ದು ನಿಜವಾದರೆ ನೋವು ಎದೆಯಲ್ಲಿ ಏಕೆ ಕಾಣಿಸಿಕೊಂಡಿತು?
— ಓದುಗರು, ಶಿರಸಿ

ಉತ್ತರ: ತಂಗಿಯನ್ನು ಕಳೆದುಕೊಂಡ ನಿಮಗೆ ಮೊದಲು ನಮ್ಮ ಸಾಂತ್ವನ. ನೀವು ಮಕ್ಕಳಿಗೆ ಹೇಳಿಕೊಟ್ಟದ್ದೂ ಸರಿ, ನಿಮ್ಮ ಎದೆ ಭಾರವಾದದ್ದೂ ನಿಜ. ಇವೆರಡರಲ್ಲಿ ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಟ್ಟುಕೊಡಬೇಕಾಗಿಲ್ಲ. ಒಂದು ಅನುಭವ ದೇಹದ ಯಾವ ಭಾಗದಲ್ಲಿ ಆಗುತ್ತಿದೆ ಎಂದು ನಮಗೆ ಅನ್ನಿಸುತ್ತದೆಯೋ, ಅದು ಅಲ್ಲಿಯೇ ಹುಟ್ಟುತ್ತಿರಬೇಕೆಂಬ ನಿಯಮವಿಲ್ಲ. ಹೃದಯಾಘಾತವಾದವರಲ್ಲಿ ಅನೇಕರಿಗೆ ಎಡಗೈ ನೋಯುತ್ತದೆ, ಕೆಲವರಿಗೆ ದವಡೆ ನೋಯುತ್ತದೆ. ಕೈಗಾಗಲಿ ದವಡೆಗಾಗಲಿ ಏನೂ ಆಗಿರುವುದಿಲ್ಲ. ಹೃದಯದಿಂದ ಬರುವ ನೋವಿನ ನರಗಳೂ ತೋಳಿನ ಒಳಬದಿಯ ನರಗಳೂ ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಒಳಹೋಗುವುದರಿಂದ, ಬಂದ ಸುದ್ದಿ ಎಲ್ಲಿಯದು ಎಂದು ಗುರುತಿಸುವಾಗ ಮಿದುಳು ಕೈಯ ಹೆಸರನ್ನು ಹೇಳಿಬಿಡುತ್ತದೆ. ಅಪಘಾತದಲ್ಲಿ ಕಾಲು ಕಳೆದುಕೊಂಡವರಿಗೆ ಇಲ್ಲದ ಪಾದದ ಹೆಬ್ಬೆರಳು ಉರಿಯುವುದುಂಟು. ಹೆಬ್ಬೆರಳೇ ಇಲ್ಲದ ಮೇಲೆ ಆ ಉರಿ ಅಲ್ಲಿ ಹುಟ್ಟಲು ಹೇಗೆ ಸಾಧ್ಯ?

ತಲೆಯಲ್ಲಿ ಏನೂ ಆಗಲಿಲ್ಲ ಎಂದಿದ್ದೀರಿ. ಮಿದುಳಿನ ಕೆಲಸ ಯಾರಿಗೂ ತಲೆಯಲ್ಲಿ ತಿಳಿಯುವುದಿಲ್ಲ. ಇಡೀ ದೇಹದ ನೋವನ್ನು ಅರಿಯುವ ಮಿದುಳಿನ ಅಂಗಾಂಶದಲ್ಲಿ ನೋವನ್ನು ಗ್ರಹಿಸುವ ನರತುದಿಗಳೇ ಇಲ್ಲ. ಹಾಗಾಗಿಯೇ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ನೆತ್ತಿಯ ಚರ್ಮಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ರೋಗಿಯನ್ನು ಎಚ್ಚರವಾಗಿಟ್ಟು, ಅವರೊಡನೆ ಮಾತನಾಡುತ್ತಲೇ ಮಿದುಳಿನ ಗೆಡ್ಡೆಯನ್ನು ತೆಗೆಯುತ್ತಾರೆ. ಮಿದುಳು ತನ್ನ ಕೆಲಸವನ್ನು ತನ್ನ ಜಾಗದಲ್ಲಿ ತೋರಿಸಿಕೊಳ್ಳುವ ಅಂಗವಲ್ಲ. ಅದು ತೋರಿಸುವುದೆಲ್ಲ ಹೊರಗಿನ ಲೋಕವನ್ನು ಮತ್ತು ನಮ್ಮದೇ ಮೈಯನ್ನು.

ಹಾಗೆಂದು ನಿಮ್ಮ ಎದೆಯಲ್ಲಿ ಏನೂ ಆಗಿರಲಿಲ್ಲ, ಎಲ್ಲವೂ ಮಿದುಳು ಕಟ್ಟಿದ ಕಲ್ಪನೆ ಎಂದು ತಿಳಿಯಬೇಡಿ. ಸಾವಿನ ಸುದ್ದಿಯ ಅರ್ಥ ಮಿದುಳಿಗೆ ತಿಳಿದ ಕೆಲವೇ ಕ್ಷಣಗಳಲ್ಲಿ ಅಲ್ಲಿಂದ ಹೊರಟ ಸಂಕೇತಗಳು ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಬದಲಿಸುತ್ತವೆ, ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ, ಗಂಟಲಿನ ಸ್ನಾಯುಗಳು ಬಿಗಿಯುತ್ತವೆ, ಉಸಿರಾಟದ ಲಯ ತಪ್ಪುತ್ತದೆ. ಇವು ಉಪಕರಣಗಳಿಂದ ಅಳೆಯಬಹುದಾದ ಬದಲಾವಣೆಗಳು. ಈ ಬದಲಾವಣೆಗಳ ವರದಿ ಮತ್ತೆ ಮಿದುಳಿಗೆ ಹೋಗುತ್ತದೆ. ಕತ್ತಿನ ಮೂಲಕ ಎದೆ ಮತ್ತು ಹೊಟ್ಟೆಗೆ ಇಳಿಯುವ ವೇಗಸ್ ನರದ ತಂತುಗಳಲ್ಲಿ ಸುಮಾರು ನೂರಕ್ಕೆ 80ರಷ್ಟು ಕೆಳಗಿನಿಂದ ಮೇಲಕ್ಕೆ, ಅಂದರೆ ಅಂಗಗಳಿಂದ ಮಿದುಳಿಗೆ ಸುದ್ದಿ ಒಯ್ಯುವಂಥವು. ಅಪ್ಪಣೆಗಿಂತ ವರದಿಯೇ ಅದರಲ್ಲಿ ಹೆಚ್ಚು. ಆ ವರದಿ ಮಿದುಳಿನ ಬುಡದಲ್ಲಿರುವ ಮಿದುಳುಕಾಂಡವನ್ನು ಹಾದು, ಥಲಾಮಸ್ ಎಂಬ ನಡುಭಾಗವನ್ನು ದಾಟಿ, ಕಿವಿಯ ನೇರಕ್ಕೆ ಒಳಗೆ ಮಡಿಚಿಕೊಂಡಿರುವ ಇನ್ಸುಲಾ ಎಂಬ ಪದರವನ್ನು ತಲುಪುತ್ತದೆ. ಎದೆಯ ಬಿಗಿತ, ತಂಗಿಯ ನೆನಪು, ಇನ್ನು ಅವಳಿಲ್ಲ ಎಂಬ ತಿಳಿವಳಿಕೆ ಇವೆಲ್ಲ ಬೆಸೆದುಕೊಂಡು ದುಃಖವೆಂಬ ಒಂದೇ ಅನುಭವವಾಗುವುದು ಮಿದುಳಿನಲ್ಲಿ.

ಇದರಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದು ಹಳೆಯ ಜಗಳ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1884ರಲ್ಲಿ, ದೇಹದಲ್ಲಾಗುವ ಬದಲಾವಣೆಗಳ ಅರಿವೇ ಭಾವನೆ, ಅಳುವುದರಿಂದಲೇ ನಮಗೆ ದುಃಖವಾಗುತ್ತದೆ ಎಂದು ವಾದಿಸಿದರು. 1927ರಲ್ಲಿ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಅದನ್ನು ಬಲವಾಗಿ ವಿರೋಧಿಸಿದರು: ಭಯದಲ್ಲೂ ಕೋಪದಲ್ಲೂ ಜ್ವರದಲ್ಲೂ ಎದೆ ಒಂದೇ ರೀತಿ ಹೊಡೆದುಕೊಳ್ಳುತ್ತದೆ, ಹಾಗಿರುವಾಗ ಬಡಿತವೊಂದರಿಂದಲೇ ಯಾವ ಭಾವನೆ ಎಂದು ತಿಳಿಯುವುದಾದರೂ ಹೇಗೆ, ದೇಹದಿಂದ ಮಿದುಳಿಗೆ ಹೋಗುವ ನರಗಳನ್ನು ಕತ್ತರಿಸಿದ ಪ್ರಾಣಿಗಳೂ ಕೋಪವನ್ನು ತೋರುತ್ತವಲ್ಲ ಎಂಬುದು ಅವರ ತಕರಾರು. ಕ್ಯಾನನ್ನರ ತಕರಾರಿಗೆ ಇಂದಿಗೂ ತೂಕವಿದೆ. ಆದರೆ ಜೇಮ್ಸರ ಮಾತಿನಲ್ಲಿದ್ದ ಅರ್ಧ ಸತ್ಯ ಕಳೆದ ಮೂರು ದಶಕಗಳಲ್ಲಿ ಮತ್ತೆ ಗೌರವ ಪಡೆದಿದೆ, ಮತ್ತು ಅದು ಸರಿಯೆಂದೇ ಈ ಅಂಕಣದ ಅಭಿಪ್ರಾಯ. ಮೈಯಿಂದ ಬರುವ ವರದಿಯನ್ನು ತೆಗೆದುಹಾಕಿದರೆ ದುಃಖದ ವಿಚಾರ ಉಳಿಯಬಹುದು, ದುಃಖದ ತೀವ್ರತೆ ಉಳಿಯುವುದು ಅನುಮಾನ.

ದುಃಖ ಹೃದಯವನ್ನು ನಿಜವಾಗಿಯೂ ಘಾಸಿಗೊಳಿಸಬಲ್ಲದು ಎಂಬುದಕ್ಕೂ ವೈದ್ಯಕೀಯ ದಾಖಲೆಯಿದೆ. 1990ರಲ್ಲಿ ಜಪಾನಿನ ವೈದ್ಯರು ವಿವರಿಸಿದ ಟಾಕೊಟ್ಸುಬೊ ಎಂಬ ಸ್ಥಿತಿಯಲ್ಲಿ ಹೃದಯದ ಎಡ ಕುಕ್ಷಿಯ ತುದಿ ಇದ್ದಕ್ಕಿದ್ದಂತೆ ಸೋತು ಉಬ್ಬಿಕೊಳ್ಳುತ್ತದೆ. ಎದೆನೋವು, ಏದುಸಿರು, ಇಸಿಜಿಯಲ್ಲಿ ಏರುಪೇರು ಎಲ್ಲವೂ ಹೃದಯಾಘಾತದಂತೆಯೇ ಇದ್ದರೂ ಆಂಜಿಯೋಗ್ರಾಂ ಮಾಡಿದಾಗ ಇದಕ್ಕೆ ಕಾರಣವಾಗುವಂಥ ತಡೆ ರಕ್ತನಾಳಗಳಲ್ಲಿ ಸಿಗುವುದಿಲ್ಲ. ಆಪ್ತರ ಸಾವು, ವಿಪರೀತ ಭಯದಂತಹ ಆಘಾತಗಳ ನಂತರ ಇದು ಬರುವುದುಂಟು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು, ಅದರಲ್ಲೂ ಹೆಚ್ಚಿನವರು ಮುಟ್ಟು ನಿಂತವರು. ಬಹುತೇಕರ ಹೃದಯ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ನಿಮ್ಮ ಎದೆಯ ಭಾರ ಈಗಲೂ ಇದೆಯೆಂದಾದರೆ ಅದು ದುಃಖವೇ ಇರಬೇಕೆಂದು ಸುಮ್ಮನಾಗದೆ ಒಮ್ಮೆ ಹೃದಯ ತಪಾಸಣೆ ಮಾಡಿಸಿಕೊಳ್ಳಿ.

ಪ್ರಶ್ನೆ: ಮಿದುಳಿನಲ್ಲಿ ಎಂದರೆ ನಿಖರವಾಗಿ ಎಲ್ಲಿ? ಅಮಿಗ್ಡಲಾ ಎಂಬ ಭಾಗ ಭಯದ ಕೇಂದ್ರ ಎಂದು ಓದಿದ್ದೇನೆ. ಹಾಗೆಯೇ ಸಂತೋಷಕ್ಕೊಂದು, ದುಃಖಕ್ಕೊಂದು ಕೇಂದ್ರ ಇದೆಯೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಒಂದು ಭಾವನೆಗೆ ಒಂದು ಕೇಂದ್ರ ಎಂಬ ನಕ್ಷೆ ಸರಳವಾಗಿದೆ, ಆದರೆ ರೋಗಿಗಳ ದಾಖಲೆಗಳು ಅದನ್ನು ಒಪ್ಪುವುದಿಲ್ಲ. ಅಮೆರಿಕದ ಅಯೋವಾದಲ್ಲಿ ಅಧ್ಯಯನಕ್ಕೊಳಗಾದ, ಎಸ್.ಎಂ. ಎಂಬ ಅಕ್ಷರಗಳಿಂದಷ್ಟೇ ಗುರುತಿಸಲಾಗುವ ಮಹಿಳೆಯೊಬ್ಬರಿಗೆ ಅಪರೂಪದ ಕಾಯಿಲೆಯಿಂದ ಎರಡೂ ಬದಿಯ ಅಮಿಗ್ಡಲಾ ನಾಶವಾಗಿದೆ. ಸಂಶೋಧಕರು ಅವರನ್ನು ಹಾವುಗಳಿದ್ದ ಅಂಗಡಿಗೆ ಕರೆದೊಯ್ದರೆ ಅವರು ಕುತೂಹಲದಿಂದ ಹಾವನ್ನು ಕೈಗೆತ್ತಿಕೊಂಡರು. ಭಯಾನಕ ಚಿತ್ರಗಳೂ ಅವರನ್ನು ಬೆಚ್ಚಿಬೀಳಿಸಲಿಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ನೀವು ಓದಿದ್ದೇ ಸರಿಯಾಗುತ್ತಿತ್ತು. ಆದರೆ 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಶೇಕಡಾ 35ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆಸಿದ ಗಾಳಿಯನ್ನು ಒಮ್ಮೆ ಉಸಿರೆಳೆದುಕೊಂಡಾಗ ಅದೇ ಮಹಿಳೆ ಕೈ ಬಡಿದು, ಮುಖವಾಡವನ್ನು ಕಿತ್ತೊಗೆಯಲು ಹೆಣಗಿ, ತೀವ್ರ ಭಯವನ್ನು ಅನುಭವಿಸಿದರು. ಕಣ್ಣು ಕಿವಿಗಳ ಮೂಲಕ ಬಂದ ಅಪಾಯ ಅವರನ್ನು ಮುಟ್ಟದಿದ್ದರೂ ರಕ್ತದೊಳಗಿನ ಬದಲಾವಣೆಯಿಂದ ಎದ್ದ ಅಪಾಯದ ಸೂಚನೆ ಮುಟ್ಟಿತು. ಅಂದರೆ ಭಯದ ಅನುಭವಕ್ಕೆ ಅಮಿಗ್ಡಲಾ ಒಂದು ದಾರಿ ಮಾತ್ರ, ಅದೇ ನೆಲೆಯಲ್ಲ.

ಸಂತೋಷದ ವಿಷಯದಲ್ಲೂ ಒಂದು ದಾಖಲೆ ಗಮನಾರ್ಹ. ಅಪಸ್ಮಾರದ ಚಿಕಿತ್ಸೆಗೆ ಬಂದಿದ್ದ 16 ವರ್ಷದ ಹುಡುಗಿಯೊಬ್ಬಳ ಮಿದುಳಿನ ಎಡಭಾಗದ ಮುಂಬದಿಯ ಒಂದು ಸಣ್ಣ ಜಾಗಕ್ಕೆ ಮೆಲುವಾದ ವಿದ್ಯುತ್ ಹಾಯಿಸಿದಾಗ ಅವಳು ಮುಗುಳ್ನಕ್ಕಳು, ವಿದ್ಯುತ್ತನ್ನು ಹೆಚ್ಚಿಸಿದಾಗ ಜೋರಾಗಿ ನಕ್ಕಳು. ಇದು 1998ರಲ್ಲಿ ವರದಿಯಾಯಿತು. ಅದು ಬರೀ ಮುಖದ ಸ್ನಾಯುಗಳ ಚಲನೆಯಾಗಿರಲಿಲ್ಲ. ಅವಳಿಗೆ ನಿಜವಾಗಿಯೂ ಖುಷಿಯಾಗುತ್ತಿತ್ತು. ನಗು ಏಕೆಂದು ಕೇಳಿದರೆ ಆಗ ಕಣ್ಣೆದುರಿಗಿದ್ದ ಕುದುರೆಯ ಚಿತ್ರವನ್ನೋ ಸುತ್ತ ನಿಂತಿದ್ದ ವೈದ್ಯರನ್ನೋ ಕಾರಣವಾಗಿ ತೋರಿಸುತ್ತಿದ್ದಳು. ಮಿದುಳನ್ನು ನೇರವಾಗಿ ತಟ್ಟಿದರೆ ಭಾವನೆ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಾಗಿಲ್ಲ.

ಅರಿವಿಗೆ ಬರುವ ಭಾವನೆಗೆ ಮಿದುಳಿನ ಹೊರಪದರವೇ ಬೇಕೇ, ಕೆಳಗಿನ ಮಿದುಳುಕಾಂಡ ಸಾಕೇ ಎಂಬ ವಿಷಯದಲ್ಲಿ ವಿಜ್ಞಾನಿಗಳು ಎರಡು ಪಕ್ಷವಾಗಿದ್ದಾರೆ. ಅಮಿಗ್ಡಲಾ ಕುರಿತು ಬಹುಕಾಲ ದುಡಿದ ಜೋಸೆಫ್ ಲೆಡೂ, ಅಪಾಯಕ್ಕೆ ದೇಹ ತೋರುವ ಪ್ರತಿಕ್ರಿಯೆಯೇ ಬೇರೆ, ನನಗೆ ಭಯವಾಗುತ್ತಿದೆ ಎಂಬ ಅರಿವೇ ಬೇರೆ, ಆ ಅರಿವಿಗೆ ಹೊರಪದರ ಬೇಕು ಎನ್ನುತ್ತಾರೆ. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಇದನ್ನು ಒಪ್ಪುವುದಿಲ್ಲ. ಸೋಂಕಿನಿಂದ ಎರಡೂ ಬದಿಯ ಇನ್ಸುಲಾ ನಾಶವಾದ ರೋಗಿಯೊಬ್ಬರಲ್ಲಿ ಸುಖ, ದುಃಖ, ನೋವುಗಳು ಉಳಿದಿದ್ದುದನ್ನು ಅವರ ತಂಡ ತೋರಿಸಿತು. ಹುಟ್ಟಿನಿಂದಲೇ ಹೊರಪದರದ ಬಹುಭಾಗ ಇಲ್ಲದ ಕೆಲವು ಮಕ್ಕಳು ತಾಯಿಯ ಮಡಿಲಲ್ಲಿ ನಗುವುದನ್ನೂ, ಬೇಸರಗೊಂಡಾಗ ಅಳುವುದನ್ನೂ ಬ್ಯೋರ್ನ್ ಮರ್ಕರ್ 2007ರಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಆ ಮಕ್ಕಳ ನಗುವನ್ನು ಬರೀ ಯಾಂತ್ರಿಕ ಪ್ರತಿಕ್ರಿಯೆ ಎಂದು ತಳ್ಳಿಹಾಕುವುದು ನಮಗೆ ಸಾಧ್ಯವಾಗುವುದಿಲ್ಲ.

ಇದು ಪಂಡಿತರ ಚರ್ಚೆ ಮಾತ್ರವಲ್ಲ. ನವಜಾತ ಶಿಶುವಿನ ಮಿದುಳು ಬೆಳೆದಿಲ್ಲವಾದ್ದರಿಂದ ಅದಕ್ಕೆ ನೋವು ಅಷ್ಟಾಗಿ ತಿಳಿಯದು ಎಂಬ ನಂಬಿಕೆಯಿಂದ 1980ರ ದಶಕದವರೆಗೂ ಪಾಶ್ಚಾತ್ಯ ಆಸ್ಪತ್ರೆಗಳಲ್ಲಿಯೇ ಎಳೆಗೂಸುಗಳಿಗೆ ತೀರಾ ಕಡಿಮೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವ ವಾಡಿಕೆ ಇತ್ತು. ಭಾರತ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು ಆಕ್ಸ್‌ಫರ್ಡಿನಲ್ಲಿ ನಡೆಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಶಸ್ತ್ರಚಿಕಿತ್ಸೆಯ ವೇಳೆ ಸರಿಯಾದ ನೋವು ನಿವಾರಕ ಕೊಟ್ಟರೆ ದೇಹದ ಒತ್ತಡದ ಪ್ರತಿಕ್ರಿಯೆ ಇಳಿದು ನಂತರದ ತೊಂದರೆಗಳೂ ಕಡಿಮೆಯಾಗುತ್ತವೆ ಎಂದು ತೋರಿಸಿದ ಮೇಲೆ ಆ ವಾಡಿಕೆ ಬದಲಾಗತೊಡಗಿತು. ಅನುಭವ ಎಲ್ಲಿ ಹುಟ್ಟುತ್ತದೆ ಎಂಬ ಪ್ರಶ್ನೆಗೆ ನಾವು ಅವಸರದ ಉತ್ತರ ಕೊಟ್ಟರೆ ಅದರ ಬೆಲೆಯನ್ನು ಮಾತು ಬಾರದವರು ತೆರುತ್ತಾರೆ.

ನರಕೋಶಗಳ ವಿದ್ಯುತ್ ಸಂಚಾರ ಒಳಗಿನಿಂದ ದುಃಖವಾಗಿ ಅನುಭವಕ್ಕೆ ಬರುವುದಾದರೂ ಏಕೆ ಎಂಬುದು ಇನ್ನೂ ಆಳದ ಪ್ರಶ್ನೆ. ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ 1990ರ ದಶಕದಲ್ಲಿ ಇದನ್ನು ಪ್ರಜ್ಞೆಯ ಕಠಿಣ ಸಮಸ್ಯೆ ಎಂದು ಕರೆದರು. ಅದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ.

ಪ್ರಶ್ನೆ: ನಮ್ಮ ಆಯುರ್ವೇದ ಗ್ರಂಥಗಳು ಹೃದಯವನ್ನೇ ಚೇತನದ ಸ್ಥಾನ ಎಂದಿವೆ. ಈಗ ವಿಜ್ಞಾನಿಗಳೂ ಹೃದಯದಲ್ಲಿ ಒಂದು ಪುಟ್ಟ ಮಿದುಳು ಇದೆ ಎನ್ನುತ್ತಿದ್ದಾರಂತೆ. ಹಾಗಾದರೆ ಪೂರ್ವಜರ ಮಾತು ಸಾಬೀತಾದಂತಲ್ಲವೇ?
— ಓದುಗರು, ಉಡುಪಿ

ಉತ್ತರ: ಹೃದಯವನ್ನು ಚೇತನಾಸ್ಥಾನ ಎಂದು ಸುಶ್ರುತ ಸಂಹಿತೆ ಹೇಳುತ್ತದೆ, ನಿಜ. ಆದರೆ ನಮ್ಮ ಪರಂಪರೆ ಒಂದೇ ದನಿಯಲ್ಲಿ ಮಾತನಾಡಿಲ್ಲ. ಪ್ರಾಣವೂ ಎಲ್ಲ ಇಂದ್ರಿಯಗಳೂ ಆಶ್ರಯಿಸಿರುವ ಉತ್ತಮಾಂಗವೆಂದು ಚರಕ ಸಂಹಿತೆ ಶಿರಸ್ಸನ್ನು ಕರೆದಿದೆ. ಭೇಲ ಸಂಹಿತೆಯಂತೂ ಮನಸ್ಸನ್ನು ತಲೆ ಮತ್ತು ತಾಲುವಿನ ನಡುವೆ ಇರಿಸಿ, ಚಿತ್ತವನ್ನು ಹೃದಯದಲ್ಲಿ ಇರಿಸಿದೆ. ಗ್ರೀಸಿನಲ್ಲೂ ಇದೇ ಭಿನ್ನಾಭಿಪ್ರಾಯವಿತ್ತು: ನಮ್ಮ ಸಂತೋಷ, ದುಃಖ, ಕಣ್ಣೀರು ಎಲ್ಲ ಮಿದುಳಿನಿಂದಲೇ ಎಂದು ಹಿಪೊಕ್ರೆಟಿಸನ ಪರಂಪರೆಯ ವೈದ್ಯರು ಬರೆದರೆ, ಅವರ ನಂತರ ಬಂದ ಅರಿಸ್ಟಾಟಲ್ ಸಂವೇದನೆಗಳ ನೆಲೆ ಹೃದಯ, ಮಿದುಳು ಇರುವುದು ದೇಹದ ಬಿಸಿಯನ್ನು ತಣಿಸಲು ಎಂದ. ಎರಡನೆಯ ಶತಮಾನದ ವೈದ್ಯ ಗೇಲನ್, ಕಿರುಚುತ್ತಿದ್ದ ಹಂದಿಯ ಗಂಟಲಿಗೆ ಹೋಗುವ ನರವನ್ನು ಕತ್ತರಿಸಿ, ಕೂಡಲೇ ದನಿ ನಿಂತುಹೋಗುವುದನ್ನು ಜನರೆದುರು ತೋರಿಸಿದ. ದನಿಯ ಮೇಲೆ ಅಧಿಕಾರವಿರುವುದು ನರಗಳ ಮೂಲಕ ಮಿದುಳಿಗೆ, ಹೃದಯಕ್ಕಲ್ಲ ಎಂದು ಅವನು ಸಾಧಿಸಿದ್ದು ಹೀಗೆ.

ಹೃದಯವನ್ನು ಆರಿಸಿಕೊಂಡವರನ್ನು ಅಜ್ಞಾನಿಗಳೆಂದು ಯಾರೂ ಹಗುರವಾಗಿ ಕಾಣಬಾರದು. ಭಯವಾದಾಗ ಹೊಡೆದುಕೊಳ್ಳುವುದು ಅದು, ನಿಂತರೆ ಜೀವ ಹೋಗುವುದು ಅದರಿಂದ, ಮುಟ್ಟಿ ನೋಡಿದರೆ ತಿಳಿಯುವುದು ಅದರ ಬಡಿತ. ಕಣ್ಣಿಗೆ ಕಂಡದ್ದರಿಂದ ಅವರು ಮಾಡಿದ ತರ್ಕ ಸಮಂಜಸವಾಗಿಯೇ ಇತ್ತು. ಉಪನಿಷತ್ತುಗಳು ಹೃದಯದೊಳಗಿನ ಕಮಲದ ಮಾತನ್ನಾಡುವಾಗ ಶರೀರರಚನೆಯ ಪಾಠ ಹೇಳುತ್ತಿಲ್ಲ, ಧ್ಯಾನದ ದಾರಿಯನ್ನು ತೋರಿಸುತ್ತಿವೆ. ಆ ಮಾತಿಗೆ ಪ್ರಯೋಗಾಲಯದ ಮುದ್ರೆ ಬೇಕಾಗಿಯೂ ಇಲ್ಲ.

ಇನ್ನು ಪುಟ್ಟ ಮಿದುಳಿನ ವಿಷಯ. ಹೃದಯದ ಗೋಡೆಯ ಮೇಲಿನ ಕೊಬ್ಬಿನ ಪದರದಲ್ಲಿ ನರಕೋಶಗಳ ಗುಂಪುಗಳಿರುವುದು ನಿಜ. ಜೆ. ಆಂಡ್ರ್ಯೂ ಆರ್ಮರ್ 1990ರ ದಶಕದ ಆರಂಭದಲ್ಲಿ ಅವುಗಳನ್ನು ಹೃದಯದ ಪುಟ್ಟ ಮಿದುಳು ಎಂದು ಕರೆದ ಮೇಲೆ ಆ ಹೆಸರು ಪ್ರಚಾರ ಪಡೆಯಿತು. ಅವುಗಳ ಸಂಖ್ಯೆ ಹತ್ತಾರು ಸಾವಿರ. ತಲೆಯಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ಹೃದಯದ ನರಕೋಶಗಳು ಬಡಿತದ ವೇಗವನ್ನೂ ಬಲವನ್ನೂ ಸ್ಥಳದಲ್ಲೇ ಹೊಂದಿಸುತ್ತವೆ. ಕರುಳಿನ ಗೋಡೆಯಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಕೋಟಿಗಟ್ಟಲೆ ನರಕೋಶಗಳಿವೆ. ನರಕೋಶಗಳಿದ್ದ ಮಾತ್ರಕ್ಕೆ ಅಲ್ಲಿ ಅರಿವು ಹುಟ್ಟುತ್ತದೆ ಎಂದು ಹೇಳಲಾಗದು. ಹೃದಯದ ನರಕೋಶಗಳು ದುಃಖವನ್ನೋ ಪ್ರೀತಿಯನ್ನೋ ಅನುಭವಿಸುತ್ತವೆ ಎನ್ನಲು ಯಾವ ಸಾಕ್ಷ್ಯವೂ ಇಲ್ಲ.

ಪ್ರಶ್ನೆ: ನಮ್ಮ ಯಜಮಾನರ ಹೃದಯ ತುಂಬಾ ದುರ್ಬಲವಾಗಿದ್ದು ಹೃದಯ ಕಸಿಗಾಗಿ ಹೆಸರು ನೋಂದಾಯಿಸಿದ್ದೇವೆ. ದಾನಿಯ ಸ್ವಭಾವ, ಆಸೆಗಳು ಹೃದಯದ ಜೊತೆಗೇ ಬರುತ್ತವೆ ಎಂದು ನೆಂಟರು ಹೇಳುತ್ತಾರೆ. ಬೇರೆಯವರ ಹೃದಯ ಇಟ್ಟುಕೊಂಡ ಮೇಲೆ ಅವರು ನಮ್ಮವರಾಗಿಯೇ ಇರುತ್ತಾರೆಯೇ? ಕೇಳಲು ಸಂಕೋಚ, ಆದರೂ ಕೇಳುತ್ತಿದ್ದೇನೆ.
— ಓದುಗರು, ಮೈಸೂರು

ಉತ್ತರ: ಸಂಕೋಚ ಪಡಬೇಡಿ ಅಮ್ಮ. 1982ರ ಡಿಸೆಂಬರ್ 2ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಬಾರ್ನಿ ಕ್ಲಾರ್ಕ್ ಎಂಬ ದಂತವೈದ್ಯರಿಗೆ ಅವರ ಹೃದಯವನ್ನು ತೆಗೆದು ಶಾಶ್ವತವಾಗಿ ಕೃತಕ ಹೃದಯ ಅಳವಡಿಸಲು ಸಿದ್ಧತೆ ನಡೆದಾಗ, ಇವರಿಗೆ ಇನ್ನು ಮುಂದೆಯೂ ನನ್ನ ಮೇಲೆ ಪ್ರೀತಿ ಇರುತ್ತದೆಯೇ ಎಂದು ಅವರ ಪತ್ನಿ ವೈದ್ಯರನ್ನು ಕೇಳಿದ್ದರು. ಕ್ಲಾರ್ಕ್ ಗಾಳಿಯ ಒತ್ತಡದಿಂದ ನಡೆಯುವ ಆ ಯಂತ್ರದ ಮೇಲೆ 112 ದಿನ ಬದುಕಿದರು. ಆ ದಿನಗಳು ಬಹಳ ಕಷ್ಟದವಾಗಿದ್ದವು; ಆದರೂ ಎದೆಯಲ್ಲಿ ಸ್ವಂತ ಹೃದಯವೇ ಇಲ್ಲದ ಆ ಮನುಷ್ಯ ತನ್ನ ಹೆಂಡತಿಯನ್ನು ಗುರುತಿಸುತ್ತಿದ್ದರು, ಮಾತನಾಡಿಸುತ್ತಿದ್ದರು. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲಿಯೇ ಇದೆ: ನಿಮ್ಮ ಯಜಮಾನರು ನಿಮ್ಮವರಾಗಿಯೇ ಇರುತ್ತಾರೆ.

ಮನುಷ್ಯನ ಹೃದಯದ ಮೊದಲ ಕಸಿ ನಡೆದದ್ದು 1967ರ ಡಿಸೆಂಬರ್ 3ರಂದು, ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ, ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಅವರ ಕೈಯಿಂದ. ಭಾರತದಲ್ಲಿ 1994ರ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡ ಮೊದಲ ಯಶಸ್ವಿ ಕಸಿ ನಡೆಸಿತು. ದಾನಿಯ ದೇಹದಿಂದ ಹೃದಯವನ್ನು ತೆಗೆಯುವಾಗ ಅದಕ್ಕೆ ಬರುವ ಎಲ್ಲ ನರಗಳೂ ಕತ್ತರಿಸಿಹೋಗುತ್ತವೆ. ರಕ್ತನಾಳಗಳನ್ನು ಹೊಲಿಯಬಹುದು, ಆ ನರಗಳನ್ನು ಹೊಲಿಯಲಾಗದು. ಕಸಿಯಾದ ಹೃದಯ ಹೊಸ ದೇಹದಲ್ಲಿ ತನ್ನೊಳಗಿನ ಲಯಕೇಂದ್ರದ ಬಲದಿಂದಲೇ ಬಡಿಯುತ್ತದೆ. ವೇಗಸ್ ನರದ ಹಿಡಿತವಿಲ್ಲದ್ದರಿಂದ ಸುಮ್ಮನೆ ಕುಳಿತಿದ್ದಾಗಲೂ ನಾಡಿ ನಿಮಿಷಕ್ಕೆ 90ರಿಂದ 110ರವರೆಗೆ ಇರುತ್ತದೆ. ಬೆಚ್ಚಿಬಿದ್ದಾಗ ಅದು ತಕ್ಷಣ ಹೊಡೆದುಕೊಳ್ಳುವುದಿಲ್ಲ. ಅಡ್ರಿನಲಿನ್ ರಕ್ತದ ಮೂಲಕ ಹರಿದು ಬರುವವರೆಗೆ ಕೊಂಚ ಕಾಲ ಹಿಡಿಯುತ್ತದೆ, ಭಯ ಹೋದ ಮೇಲೂ ಬಡಿತ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದಲೇ ಕಸಿಯಾದವರಿಗೆ ನಡಿಗೆಯನ್ನು ನಿಧಾನವಾಗಿ ಆರಂಭಿಸಿ ನಿಧಾನವಾಗಿ ಮುಗಿಸಲು ವೈದ್ಯರು ಹೇಳುತ್ತಾರೆ. ಹೃದಯದ ಸುದ್ದಿ ನೇರವಾಗಿ ಮಿದುಳನ್ನು ತಲುಪದ ಆ ತಿಂಗಳುಗಳಲ್ಲೂ ಇಂಥವರು ನಗುತ್ತಾರೆ, ಅಳುತ್ತಾರೆ, ಮಕ್ಕಳ ಬಗ್ಗೆ ಚಿಂತಿಸುತ್ತಾರೆ. ಕಾಲಕ್ರಮೇಣ ಕೆಲವು ನರಗಳು ಭಾಗಶಃ ಮತ್ತೆ ಬೆಳೆಯುವುದುಂಟು.

ನಿಮ್ಮ ನೆಂಟರು ಹೇಳುವಂಥ ಕಥೆಗಳು ಪ್ರಪಂಚದೆಲ್ಲೆಡೆ ಇವೆ. ವಿಯೆನ್ನಾದಲ್ಲಿ ಹೃದಯ ಕಸಿಯಾದ 47 ಮಂದಿಯನ್ನು ವಿಚಾರಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 79ರಷ್ಟು ಜನ ತಮ್ಮ ಸ್ವಭಾವ ಬದಲಾಗಿಲ್ಲ ಎಂದರು. ನೂರಕ್ಕೆ 15ರಷ್ಟು ಜನ ಬದಲಾಗಿದ್ದೇವೆ, ಆದರೆ ಸಾವಿನ ಬಾಗಿಲಿಗೆ ಹೋಗಿ ಬಂದದ್ದು ಅದಕ್ಕೆ ಕಾರಣ ಎಂದರು. ಬದಲಾವಣೆಗೆ ಹೊಸ ಹೃದಯವೇ ಕಾರಣ ಎಂದವರು ಮೂವರು. ಆ ಮೂವರು ಸುಳ್ಳು ಹೇಳಿದರೆಂದಲ್ಲ. ಅಪರಿಚಿತರೊಬ್ಬರ ಸಾವಿನಿಂದ ತನಗೆ ಜೀವ ಬಂತೆಂಬ ಅರಿವು ಯಾರ ಮನಸ್ಸನ್ನಾದರೂ ಅಲುಗಿಸಬಲ್ಲದು. ಕಸಿಯ ನಂತರ ಕೊಡುವ ಸ್ಟೀರಾಯ್ಡ್ ಮಾತ್ರೆಗಳಿಂದ ನಿದ್ದೆಗೆಡುವುದು, ಸಿಡುಕು, ಕಾರಣವಿಲ್ಲದ ಅಳು ಅಥವಾ ಉತ್ಸಾಹ ಕಾಣಿಸಿಕೊಳ್ಳಬಹುದು. ಹಾಗಾದಾಗ ದಾನಿಯ ಸ್ವಭಾವ ಬಂತೆಂದು ಗಾಬರಿಯಾಗದೆ ವೈದ್ಯರಿಗೆ ತಿಳಿಸಿದರೆ ಅವರು ಪ್ರಮಾಣವನ್ನು ಸರಿಹೊಂದಿಸುತ್ತಾರೆ.

ದಾನಿಯ ಕುಟುಂಬದವರಿಗೂ ಇಲ್ಲಿ ಒಂದು ಮಾತು ಹೇಳಬೇಕು. 1994ರ ಅಂಗಾಂಗ ಕಸಿ ಕಾಯ್ದೆ ನಮ್ಮ ದೇಶದಲ್ಲಿ ಮಿದುಳುಕಾಂಡದ ಸಾವನ್ನು ಸಾವೆಂದು ಒಪ್ಪಿದೆ. ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಖಚಿತಪಡಿಸುತ್ತದೆ. ಆಗಲೂ ವೆಂಟಿಲೇಟರಿನ ನೆರವಿನಿಂದ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ, ಕೈಯಿಟ್ಟರೆ ಹೃದಯದ ಬಡಿತ ಸಿಗುತ್ತದೆ. ಬಡಿಯುವ ಹೃದಯವನ್ನು ಕೊಡುವುದೆಂದರೆ ತಮ್ಮವರ ಪ್ರೀತಿಯನ್ನೇ ಕಿತ್ತುಕೊಟ್ಟಂತೆ ಎಂದು ತಾಯಿ ತಂದೆಯರಿಗೆ ಅನ್ನಿಸುವುದು ಅತ್ಯಂತ ಸಹಜ. ಆ ಪ್ರೀತಿಯನ್ನು ಅನುಭವಿಸುತ್ತಿದ್ದ ಮಿದುಳು ಆಗಲೇ ನಿಂತಿರುತ್ತದೆ. ಹೃದಯಕ್ಕೆ ತನ್ನಷ್ಟಕ್ಕೆ ಬಡಿಯುವ ಶಕ್ತಿ ಇರುವುದರಿಂದ ಅದು ಕೆಲ ಹೊತ್ತು ಉಳಿದಿರುತ್ತದೆ. ಕರ್ನಾಟಕದಲ್ಲಿ ಈ ದಾನವನ್ನು ಸಂಯೋಜಿಸುವ ಸರ್ಕಾರಿ ಸಂಸ್ಥೆ ಜೀವಸಾರ್ಥಕತೆ.

ಪ್ರಶ್ನೆ: ರಾತ್ರಿ ಮಲಗಿದಾಗ ಇದ್ದಕ್ಕಿದ್ದಂತೆ ಎದೆ ಡವಡವ ಎಂದು ಹೊಡೆದುಕೊಳ್ಳುತ್ತದೆ, ಈಗಲೇ ಸಾಯುತ್ತೇನೆ ಎನ್ನುವಷ್ಟು ಭಯವಾಗುತ್ತದೆ. ಇಸಿಜಿ, ಎಕೋ ಎರಡೂ ಸರಿಯಾಗಿವೆ. ಎಲ್ಲ ನಿಮ್ಮ ಮನಸ್ಸಿನಲ್ಲಿದೆ ಎಂದು ಹೇಳಿ ಕಳಿಸಿದರು. ಹಾಗಾದರೆ ನನ್ನ ಎದೆಬಡಿತ ಸುಳ್ಳೇ?
— 34 ವರ್ಷದ ಓದುಗರು, ತುಮಕೂರು

ಉತ್ತರ: ಸುಳ್ಳಲ್ಲ. ಎಲ್ಲ ಮನಸ್ಸಿನಲ್ಲಿದೆ ಎಂಬ ಮಾತು ರೋಗಿಗೆ ತನ್ನ ಕಷ್ಟವನ್ನು ಯಾರೂ ನಂಬಲಿಲ್ಲವೆಂದೇ ಕೇಳಿಸುತ್ತದೆ. ಅದನ್ನು ಹಾಗೆ ಹೇಳಿ ಕಳಿಸಬಾರದಿತ್ತು. ಭಯದಿಂದ ಬಡಿತ ಏರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬಡಿತ ಏರಿದ್ದರಿಂದಲೇ ಭಯ ಹುಟ್ಟಬಹುದೇ ಎಂಬುದನ್ನು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಾರ್ಲ್ ಡೈಸೆರೋತ್ ಅವರ ತಂಡ ಇಲಿಗಳಲ್ಲಿ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿತು. ಇಲಿಯ ಹೃದಯದ ಸ್ನಾಯುಕೋಶಗಳು ಬೆಳಕಿಗೆ ಸ್ಪಂದಿಸುವಂತೆ ವಂಶವಾಹಿಯೊಂದನ್ನು ಸೇರಿಸಿ, ಇಲಿಗೆ ಒಂದು ಚಿಕ್ಕ ಅಂಗಿ ತೊಡಿಸಿ, ಅದರಲ್ಲಿದ್ದ ಪುಟ್ಟ ದೀಪದ ಬೆಳಕನ್ನು ಹೊರಗಿನಿಂದಲೇ ಎದೆಗೆ ಹಾಯಿಸಿ, ನಿಮಿಷಕ್ಕೆ ಸುಮಾರು 660 ಇರುವ ಇಲಿಯ ಬಡಿತವನ್ನು ಆಗಾಗ 900ಕ್ಕೆ ಏರಿಸಿದರು. ಅಪಾಯವಿಲ್ಲದ ಜಾಗದಲ್ಲಿ ಇಲಿಗೆ ಅದರಿಂದ ಏನೂ ಆಗಲಿಲ್ಲ. ಗೋಡೆಯಿಲ್ಲದ ಎತ್ತರದ ಹಾದಿಯಲ್ಲಿ, ನೀರು ಕುಡಿಯಲು ಹೋದರೆ ಒಮ್ಮೊಮ್ಮೆ ಲಘು ಆಘಾತ ತಗಲುವ ಜಾಗದಲ್ಲಿ ಮಾತ್ರ ಅದೇ ಇಲಿ ಹಿಂಜರಿದು ಅಂಜಿಕೆಯ ಲಕ್ಷಣ ತೋರಿತು. ಇನ್ಸುಲಾದ ಹಿಂಭಾಗವನ್ನು ಸುಮ್ಮನಾಗಿಸಿದಾಗ ಬಡಿತ ಏರಿದರೂ ಅಂಜಿಕೆ ಇಳಿಯಿತು.

ನಿಮ್ಮ ರಾತ್ರಿಯ ಸಂಕಟದಲ್ಲೂ ಹೀಗೆಯೇ ಆಗುತ್ತಿರಬಹುದು. ಸಣ್ಣ ಕಾರಣಕ್ಕೆ ಏರಿದ ಬಡಿತವನ್ನು ಮಿದುಳು ಗಮನಿಸಿ ಅಪಾಯವೆಂದು ಓದಿಕೊಳ್ಳುತ್ತದೆ, ಆ ಓದಿನಿಂದ ಅಡ್ರಿನಲಿನ್ ಹೆಚ್ಚಿ ಬಡಿತ ಇನ್ನಷ್ಟು ಏರುತ್ತದೆ. ಇಂಗ್ಲೆಂಡಿನಲ್ಲಿ ಸಾರಾ ಗಾರ್ಫಿಂಕೆಲ್ ಮತ್ತು ಹ್ಯೂಗೊ ಕ್ರಿಚ್ಲಿ 2014ರಲ್ಲಿ ತೋರಿಸಿದಂತೆ, ಹೃದಯ ಸಂಕುಚಿಸಿ ರಕ್ತವನ್ನು ಹೊರದೂಡುವ ಕ್ಷಣಕ್ಕೆ ಸರಿಯಾಗಿ ಭಯಗೊಂಡ ಮುಖದ ಚಿತ್ರವನ್ನು ಕಂಡರೆ, ಅದು ಬಡಿತಗಳ ನಡುವಿನ ಬಿಡುವಿನಲ್ಲಿ ಕಂಡದ್ದಕ್ಕಿಂತ ಹೆಚ್ಚು ತೀವ್ರವಾಗಿ ಕಾಣಿಸುತ್ತದೆ.

ಮೊದಲು ಒಬ್ಬ ಫಿಸಿಷಿಯನ್ ಬಳಿ ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಏಕೆಂದರೆ ಎರಡೂ ಬಡಿತವನ್ನು ಏರಿಸುತ್ತವೆ. ಒಮ್ಮೊಮ್ಮೆ ಮಾತ್ರ ಬರುವ ಲಯದೋಷ ಮಾಮೂಲಿ ಇಸಿಜಿಯಲ್ಲಿ ಸಿಗದಿರಬಹುದಾದ್ದರಿಂದ ಬಡಿತವನ್ನು ಬಿಡದೆ ದಾಖಲಿಸುವ 24 ಗಂಟೆಯ ಹೋಲ್ಟರ್ ಪರೀಕ್ಷೆ ಬೇಕೇ ಎಂದು ಕೇಳಿ. ಸಂಜೆಯ ನಂತರದ ಕಾಫಿಯನ್ನು ಬಿಟ್ಟು ನೋಡಿ. ಬಡಿತ ಏರಿದಾಗ ನಿಮಿಷಕ್ಕೆ ಆರರಂತೆ ನಿಧಾನವಾಗಿ ಉಸಿರಾಡಿ. ಉಸಿರು ಬಿಡುವ ಕಾಲ ಎಳೆದುಕೊಳ್ಳುವ ಕಾಲಕ್ಕಿಂತ ಉದ್ದವಿರಲಿ, ಏಕೆಂದರೆ ಉಸಿರು ಬಿಡುವಾಗ ವೇಗಸ್ ನರ ಹೃದಯವನ್ನು ನಿಧಾನಗೊಳಿಸುತ್ತದೆ. ಇಷ್ಟೆಲ್ಲ ಸರಿಯಿದ್ದರೆ ಇದು ಪ್ಯಾನಿಕ್ ಡಿಸಾರ್ಡರ್, ಅಂದರೆ ಏಕಾಏಕಿ ವಿಪರೀತ ಭಯ ಬರುವ ತೊಂದರೆ ಇರುವ ಸಾಧ್ಯತೆ ಹೆಚ್ಚು. ಬಡಿತಕ್ಕೆ ಮಿದುಳು ಕೊಡುವ ಅರ್ಥವನ್ನು ತಿದ್ದುವ ಮಾತಿನ ಚಿಕಿತ್ಸೆಯೂ ಮಾತ್ರೆಗಳೂ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ. ಮನೋವೈದ್ಯರನ್ನು ಕಾಣಲು ಹಿಂಜರಿಕೆಯಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆದರೆ ಎದೆ ಒತ್ತಿದಂತಾಗಿ ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ಪ್ರಜ್ಞೆ ತಪ್ಪಿದಂತಾದರೆ, ಹಿಂದಿನ ವರದಿಗಳು ಸರಿಯಿದ್ದವೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.